ಬೆಲ್ಲದ ಕಾಫಿ ಮುಚ್ಚಿಟ್ಟ ಕಾಯಿಲೆ

ಕೊಡಗಿನ ಗಡಿ ಊರು ಕುಟ್ಟದವರು ಯಾಕೆ ಕೇರಳದ ಆಸ್ಪತ್ರೆಗೆ ಓಡುತ್ತೀರಿ, ಮಡಿಕೇರಿ ಇಲ್ವಾ ಅಂತ ಕೇಳಿದಿರಿ. ಇದೆ. ಆದರೆ ಗಡಿಯ ತೋಲ್ಪೆಟ್ಟಿ ದಾಟಿದರೆ ವಯನಾಡಿನ ಮಾನಂತವಾಡಿ ಅದಕ್ಕಿಂತ ಎಷ್ಟೋ ಹತ್ತಿರ. ನಮ್ಮ ಅತ್ತಿಗೆ ಬದುಕಿದ್ದೇ ಆ ದಾರಿಯಿಂದ.

ಹೆರಿಗೆಯಾಗಿ ಹದಿನೈದು ದಿನ ಆಗಿತ್ತು. ಬೆಳಗಿನ ಜಾವ ಮಗು ಅಳುತ್ತಿದೆ. ಅತ್ತಿಗೆ ಎದ್ದು ಕೂತು ಮಗುವನ್ನೇ ನೋಡುತ್ತಾ, "ಇದು ಯಾರ ಮಗು?" ಅಂದರು. ನೈಟಿ ಬೆವರಿನಲ್ಲಿ ತೊಯ್ದಿತ್ತು. ಅಮ್ಮ ಒಂದು ಲೋಟ ಬೆಲ್ಲದ ಕಾಫಿ ಕುಡಿಸಿದರು. ಕಾಲು ಗಂಟೆಯಲ್ಲಿ ಎಲ್ಲ ಸರಿ. ಆಗಿದ್ದೇನೂ ಅವರಿಗೆ ನೆನಪಿಲ್ಲ.

ನಮ್ಮಲ್ಲಿ ಎದ್ದ ಕೂಡಲೇ ಹಾಲಿಲ್ಲದ ಬೆಲ್ಲದ ಕಾಫಿ ಬೇಕೇ ಬೇಕು. ಅದೇ ಎಡವಟ್ಟಾಯಿತು. ದಿನಾ ಬೆಳಿಗ್ಗೆ ಕುಡಿಸುವುದು, ಅವರು ಚೇತರಿಸಿಕೊಳ್ಳುವುದು. ಒಬ್ಬ ಡಾಕ್ಟರು ರಕ್ತ ಕಮ್ಮಿ ಅಂದರು. ಇನ್ನೊಬ್ಬರು ಬಾಣಂತಿ ಸನ್ನಿ ಅಂದರು. ಪಕ್ಕದ ಮನೆಯವರು ದೃಷ್ಟಿ ತೆಗೆದರು.

ಒಂದು ದಿನ ಕಾಫಿ ಗಂಟಲಿಗೆ ಇಳಿಯಲೇ ಇಲ್ಲ, ಫಿಟ್ಸ್ ಬಂತು. ಜೀಪಿನಲ್ಲಿ ಹಾಕಿಕೊಂಡು ಹೋದೆವು. ನರ್ಸ್ ಮಲಯಾಳದಲ್ಲಿ ಏನೋ ಕೇಳುತ್ತಲೇ ಬೆರಳು ಚುಚ್ಚಿದಳು. ಷುಗರ್ 34! ಗ್ಲೂಕೋಸ್ ಏರಿಸುವ ಮೊದಲು ರಕ್ತ ತೆಗೆದಿಟ್ಟುಕೊಂಡರು ನೋಡಿ, ಅದು ಜಾಣತನ. ಷುಗರ್ ಅಷ್ಟು ಇಳಿದಾಗ, ಅದನ್ನು ಇಳಿಸುವ ಇನ್ಸುಲಿನ್ ನಿಂತೇ ಹೋಗಬೇಕು. ಇವರಲ್ಲಿ ಧಾರಾಳವಾಗಿತ್ತು. ದೇಹ ತಾನೇ ಇನ್ಸುಲಿನ್ ಮಾಡುವಾಗ ಜೊತೆಗೆ ಹುಟ್ಟುವ ಸಿ-ಪೆಪ್ಟೈಡ್ ಕೂಡ ಜಾಸ್ತಿ. ಅಂದರೆ ಇನ್ಸುಲಿನ್ ಹೊರಗಿನಿಂದ ಚುಚ್ಚಿಕೊಂಡದ್ದಲ್ಲ, ಒಳಗೇ ಹುಟ್ಟಿದ್ದು.

ಆಮೇಲೆ ದೊಡ್ಡ ಆಸ್ಪತ್ರೆಯಲ್ಲಿ ಬಾಯಿಂದ ಕೊಳವೆ ಇಳಿಸಿ ಸ್ಕ್ಯಾನ್ ಮಾಡಿದಾಗ ಮೇದೋಜೀರಕ ಗ್ರಂಥಿಯಲ್ಲಿ ಗಡ್ಡೆ ಕಂಡಿತು. ಕಾಫಿ ಹಣ್ಣಿನಷ್ಟು, ಅಷ್ಟೇ. ಇನ್ಸುಲಿನ್ ಸುರಿಸುತ್ತಿದ್ದದ್ದು ಇದೇ; ಇದಕ್ಕೆ ಇನ್ಸುಲಿನೋಮಾ ಅನ್ನುತ್ತಾರೆ. ವರ್ಷಕ್ಕೆ ಹತ್ತು ಲಕ್ಷ ಜನರಲ್ಲಿ ಒಂದರಿಂದ ನಾಲ್ಕು ಮಂದಿಗೆ ಬರುವ ರೋಗ. ಬಹುಪಾಲು ಕ್ಯಾನ್ಸರ್ ಅಲ್ಲ, ತೆಗೆದರೆ ವಾಸಿ.

ಹಾಗಾದರೆ ಬಸುರಿನಲ್ಲಿ ಯಾಕೆ ಗೊತ್ತಾಗಲಿಲ್ಲ? ಮೊದಲ ಮೂರು ತಿಂಗಳು ತಲೆ ಸುತ್ತುತ್ತಿತ್ತು, ಬಸುರಿ ಸಂಕಟ ಅಂತ ಸುಮ್ನಿದ್ದೆವು. ಆಮೇಲೆ ಕಸದ (ಮಾಸು, ಪ್ಲಾಸೆಂಟಾ) ಹಾರ್ಮೋನುಗಳು ಇನ್ಸುಲಿನ್ನಿಗೆ ಅಡ್ಡ ನಿಂತು ಷುಗರ್ ಇಳಿಯದಂತೆ ನೋಡಿಕೊಂಡವು. ಹೆರಿಗೆಯಾಗಿ ಕಸ ಬಿದ್ದ ಮೇಲೆ ಆ ಅಡ್ಡಿಯೂ ಹೋಯಿತು. ಇನ್ಸುಲಿನ್ ಆಡಿದ್ದೇ ಆಟ.

ಆಪರೇಷನ್ ಆಗಿ ಎರಡು ವರ್ಷ. ಅಮ್ಮ ಈಗಲೂ ಬೆಲ್ಲದ ಕಾಫಿ ಹಿಡಿದು ಬರುತ್ತಾರೆ. ಅಣ್ಣ ಮಾತ್ರ, "ಒಂದು ನಿಮಿಷ ಇರಮ್ಮಾ" ಅಂತ ಷುಗರ್ ಮಿಷನ್ ಹುಡುಕುತ್ತಾನೆ.