ಪಾಲಿಶ್ ಮಾಡಿಸುವ ಮೊದಲು ಕುರ್ಚಿಯನ್ನು ಮಗುಚಿ ನೋಡಿ

ಹಡಗು ಒಡೆಯುವ ಗುಜರಾತಿನ ಕಡಲತೀರ ಅಲಂಗ್‌ನಿಂದ ಹಳೆಯ ಪ್ರಯಾಣಿಕ ಹಡಗಿನ ಕುರ್ಚಿ, ಮೇಜು ತಂದು ಪಾಲಿಶ್ ಮಾಡಿಸಿ ಮಲ್ಪೆಯ ಹೋಂಸ್ಟೇಯಲ್ಲಿ ಇಡಬೇಕೆಂದಿದ್ದೀರಿ, ಯಾವ ಹಡಗಿನದಕ್ಕೆ ಬೆಲೆ ಹೆಚ್ಚು ಎಂದು ಕೇಳಿದ್ದೀರಿ. 2006ರಲ್ಲಿ ಇದೇ ಪ್ರಶ್ನೆ ಹೊತ್ತು ನಾನು ಮಂಗಳೂರಿನಿಂದ ರೈಲು ಹತ್ತಿದ್ದೆ.

ಭಾವನಗರದಿಂದ ಅಲಂಗ್‌ಗೆ ಸುಮಾರು 50 ಕಿ.ಮೀ. ತ್ರಾಪಜ್ ಎಂಬ ಊರು ದಾಟಿದರೆ ರಸ್ತೆಯುದ್ದಕ್ಕೂ ಒಡೆದ ಹಡಗುಗಳ ಸಾಮಾನಿನ ಅಂಗಡಿಗಳು: ಒಂದರಲ್ಲಿ ಬರೀ ಹಾಸಿಗೆ, ಇನ್ನೊಂದರಲ್ಲಿ ಪಿಂಗಾಣಿ, ಮತ್ತೊಂದರಲ್ಲಿ ಲೈಫ್ ಜಾಕೆಟ್. ಹಿಂದಿನ ವರ್ಷವಷ್ಟೇ ವಿಂಡ್ಸರ್ ಕ್ಯಾಸಲ್ ಒಡೆಯಲೆಂದು ಅಲ್ಲಿಗೆ ಬಂದಿತ್ತು. 1960ರಿಂದ 1977ರವರೆಗೆ ಸೌತಾಂಪ್ಟನ್‌ಗೂ ಕೇಪ್‌ಟೌನ್‌ಗೂ ನಡುವೆ ಅಂಚೆ ಮತ್ತು ಪ್ರಯಾಣಿಕರನ್ನು ಹೊತ್ತು ಓಡಾಡಿದ ಹಡಗು ಅದು. ಅದರ ಊಟದ ಕೋಣೆಯದೆಂದು ಹೇಳಿ ಅಂಗಡಿಯವನು ಎರಡು ಕುರ್ಚಿ ಕೊಟ್ಟ. ಆಸನದ ತಳದಲ್ಲಿ ಬಿಳಿ ಬಣ್ಣದಲ್ಲಿ ಒಂದು ಸಂಖ್ಯೆ, ಅರ್ಧ ಅಳಿಸಿದ ಎರಡು ಅಕ್ಷರ. ನಡುವಿನಿಂದ ಜೋತಾಡುವ ಗೇಣುದ್ದದ ಸರಪಣಿ, ಅದರ ತುದಿಯಲ್ಲಿ ಹಿತ್ತಾಳೆಯ ಕೊಂಡಿ.

ಮನೆಗೆ ತಂದ ಮೇಲೆ ನಾನು ಮಾಡಿದ್ದನ್ನು ವಿವರವಾಗಿಯೇ ಹೇಳುತ್ತೇನೆ, ಏಕೆಂದರೆ ನೀವೂ ಅದನ್ನೇ ಮಾಡಲು ಹೊರಟಿದ್ದೀರಿ. ತಂಗಿಯ ಮದುವೆ ಹತ್ತಿರವಿತ್ತು. ಕೊಂಡಿ ತಾಗಿ ರೆಡ್ ಆಕ್ಸೈಡ್ ನೆಲದಲ್ಲಿ ಗೀರು ಬೀಳುತ್ತದೆ ಎಂದು ಅಮ್ಮ ಗೊಣಗುತ್ತಿದ್ದರು. ಆಚಾರಿಯನ್ನು ಕರೆಸಿ, "ಹೊಸದರಂತೆ ಮಾಡಿಕೊಡಿ" ಎಂದೆ. ನಾನು ಹೇಳಿದ್ದನ್ನೇ ಅವರು ಶ್ರದ್ಧೆಯಿಂದ ಮಾಡಿದರು. ಸರಪಣಿ ಕಿತ್ತರು, ತಿರುಪಿನ ತೂತುಗಳಿಗೆ ಮೇಣ ತುಂಬಿದರು, ತಳವನ್ನೂ ಬಿಡದೆ ಪಾಲಿಶ್ ಪೇಪರ್ ಹಾಕಿ ಉಜ್ಜಿದರು. ಸಂಖ್ಯೆ ಹೋಯಿತು, ಅಕ್ಷರ ಹೋದವು. ಕೊಂಡಿ ಗುಜರಿಗೆ ಹೋಯಿತು. ಅದಕ್ಕೂ ಮೊದಲು ನಾನು ಒಂದೇ ಒಂದು ಫೋಟೊ ತೆಗೆದಿರಲಿಲ್ಲ, ಅಂಗಡಿಯ ಚೀಟಿಯನ್ನೂ ಇಟ್ಟುಕೊಂಡಿರಲಿಲ್ಲ. ಆಚಾರಿಯದು ತಪ್ಪಲ್ಲ, ತಳವನ್ನು ಮುಟ್ಟಬೇಡಿ ಎಂದು ಹೇಳಬೇಕಾಗಿದ್ದವನು ನಾನು.

ಮದುವೆಯ ದಿನ ಪಕ್ಕದ ಮನೆಯ ಹಿರಿಯರೊಬ್ಬರು ಬಂದರು. ಹಡಗುಗಳಲ್ಲಿ ಸ್ಟೀವರ್ಡ್ ಆಗಿ ದುಡಿದವರು. ಕುರ್ಚಿಯ ಬೆನ್ನನ್ನಾಗಲಿ ಹೊಳಪನ್ನಾಗಲಿ ಅವರು ನೋಡಲಿಲ್ಲ. ನೇರವಾಗಿ ಆಸನದ ಕೆಳಗೆ ಕೈ ಹಾಕಿ, ಬೆರಳುಗಳಿಂದ ತಡಕಾಡಿ, "ಕೊಂಡಿ ಎಲ್ಲಿ ಮಾರಾಯರೇ?" ಎಂದು ಕೇಳಿದರು. ಸಮುದ್ರ ಕೆರಳಿದಾಗ ಆ ಕೊಂಡಿಯನ್ನು ನೆಲದ ಬಳೆಗೆ ಸಿಕ್ಕಿಸಿ ಕುರ್ಚಿ ಜಾರದಂತೆ ಕಟ್ಟುತ್ತಿದ್ದರಂತೆ. ನನ್ನಲ್ಲಿ ಉತ್ತರವಿರಲಿಲ್ಲ. ಮುಂದೆ ಇಂಗ್ಲೆಂಡಿನ ಸಂಗ್ರಾಹಕರೊಬ್ಬರು ಕೊಳ್ಳುವ ಆಸಕ್ತಿ ತೋರಿಸಿ ತಳದ ಚಿತ್ರ ಕೇಳಿದರು. ಕಳುಹಿಸಿದೆ, ಅಲ್ಲಿಗೆ ಮಾತು ನಿಂತಿತು. ಈಗ ನನ್ನಲ್ಲಿರುವುದು ಎರಡು ಚೆಂದದ ಕುರ್ಚಿಗಳು ಮಾತ್ರ. ಅವು ವಿಂಡ್ಸರ್ ಕ್ಯಾಸಲ್‌ನವು ಎಂದು ನಾನು ಯಾರಿಗೂ ಸಾಬೀತು ಮಾಡಲಾರೆ.

ಆದ್ದರಿಂದ ಯಾವ ಹಡಗು ಎಂಬ ನಿಮ್ಮ ಪ್ರಶ್ನೆಯನ್ನೇ ನಾನು ಒಪ್ಪುವುದಿಲ್ಲ. ಹೆಸರು ಅಂಗಡಿಯವನ ಬಾಯಲ್ಲಿರುತ್ತದೆ, ಗುರುತು ವಸ್ತುವಿನ ಮೈಮೇಲಿರಬೇಕು. ಟೈಟಾನಿಕ್‌ನ ಸೋದರ ಹಡಗು ಒಲಿಂಪಿಕ್ 1935ರಲ್ಲಿ ಸೇವೆ ಮುಗಿಸಿದಾಗ ಅದರ ಒಳಾಂಗಣದ ಸಾಮಾನು ಹರಾಜಾಯಿತು. ಅದರ ಮರದ ಹಲಗೆಗಳನ್ನು ಇಂಗ್ಲೆಂಡಿನ ಆನಿಕ್ ಊರಿನ ವೈಟ್ ಸ್ವಾನ್ ಹೋಟೆಲ್‌ನಲ್ಲಿ ಇಂದಿಗೂ ಕಾಣಬಹುದು. ಎಲ್ಲಿಂದ ಬಂದವು ಎಂಬುದು ತಿಳಿದಿರುವುದರಿಂದಲೇ ಜನ ಅವನ್ನು ನೋಡಲು ಹೋಗುತ್ತಾರೆ. ಅಲಂಗ್‌ನಲ್ಲಿ ಯಾರಾದರೂ ಕೆತ್ತನೆಯ ತೇಗದ ಕುರ್ಚಿ ತೋರಿಸಿ 'ಫ್ರಾನ್ಸ್' ಎಂಬ ಪ್ರಯಾಣಿಕ ಹಡಗಿನದು ಎಂದರೆ ನಂಬಬೇಡಿ. ಬ್ಲೂ ಲೇಡಿ ಎಂಬ ಹೆಸರಿನಲ್ಲಿ ಅಲ್ಲಿಗೇ ಬಂದು ಒಡೆಸಿಕೊಂಡ ಹಡಗು ಅದು, ನಿಜ. ಆದರೆ ಬೆಂಕಿಯ ಭಯದಿಂದ ಅದರ ಒಳಾಂಗಣವನ್ನು ಹೆಚ್ಚಾಗಿ ಅಲ್ಯೂಮಿನಿಯಂ, ಫಾರ್ಮೈಕಾಗಳಲ್ಲೇ (ಸನ್‌ಮೈಕಾದಂಥ ಹಾಳೆ) ರೂಪಿಸಿದ್ದರು.

ಕ್ಯಾಬಿನ್ ಗೋಡೆಯ ಹಲಗೆಗಳ ಆಸೆ ಬೇಡ. ಹಳೆಯ ಹಡಗುಗಳ ಹಲಗೆಗಳಲ್ಲಿ ಆಸ್ಬೆಸ್ಟಾಸ್ ಇರಬಹುದು, ಕೊಯ್ದರೆ ಅದರ ಧೂಳು ಶ್ವಾಸಕೋಶಕ್ಕೆ ಹೋಗುತ್ತದೆ. ಅಂಚಿನಲ್ಲಿ ಎತ್ತರಿಸಿದ ಪಟ್ಟಿಯಿರುವ ಮೇಜು ಸಿಕ್ಕರೆ ಬಿಡಬೇಡಿ, ಹಡಗು ಓಲಾಡಿದಾಗ ತಟ್ಟೆ ಜಾರದಿರಲೆಂದು ಮಾಡಿದ್ದು ಅದು. ನಮ್ಮ ಮಳೆಗಾಲಕ್ಕೆ ಬೂಷ್ಟು ಹಿಡಿಯುತ್ತದೆ, ಗೋಡೆಯಿಂದ ಒಂದು ಗೇಣು ದೂರವಿಟ್ಟು ಒಣ ಬಟ್ಟೆಯಲ್ಲಿ ಒರೆಸಿದರೆ ಸಾಕು.

ಪಾಲಿಶ್ ಮಾತ್ರ ಖಂಡಿತ ಬೇಡ. ಕೊಂಡಿ ನೆಲ ಗೀರಿದರೆ ಅದಕ್ಕೆ ಬಟ್ಟೆ ಸುತ್ತಿ. ನಮ್ಮ ಮನೆಯಲ್ಲೂ ಅಷ್ಟು ಮಾಡಿದ್ದರೆ ಸಾಕಿತ್ತು. ಕೊಂಡ ದಿನವೇ ಅಂಗಡಿಯ ಎದುರೇ ಕುರ್ಚಿಯನ್ನು ಮಗುಚಿ ಫೋಟೊ ತೆಗೆದು ಇಲ್ಲಿ ಹಾಕಿ. ಆ ಬಿಳಿ ಅಂಕಿಗಳನ್ನು ಇನ್ನೊಮ್ಮೆ ನೋಡಬೇಕೆಂಬ ಆಸೆ ನನಗಿದೆ.