ಒಡವೆಗೆ ಚಿನ್ನದ ಲೇಪ ಹಾಕೋದು ಹೇಗೆ?

ಚಿನ್ನದ ಲವಣ ಕರಗಿಸಿದ ನೀರಿನಲ್ಲಿ ಒಡವೆ ಮುಳುಗಿಸಿ, ಡಿಸಿ ಕರೆಂಟ್ (ಒಂದೇ ದಿಕ್ಕಿನಲ್ಲಿ ಹರಿಯುವ ವಿದ್ಯುತ್) ಹಾಯಿಸಿ ಹಾಕುತ್ತಾರೆ. ತಾಮ್ರದ ಬಳೆ ಅಂದುಕೊಳ್ಳಿ. ಅದನ್ನು ಮೈನಸ್ ತುದಿಗೆ ಜೋಡಿಸುತ್ತಾರೆ, ಪ್ಲಸ್ ತುದಿಗೆ ಇನ್ನೊಂದು ಲೋಹದ ತಗಡು. ದ್ರಾವಣದಲ್ಲಿರುವ ಚಿನ್ನದ ಕಣ ಎಲೆಕ್ಟ್ರಾನ್ ಕಳೆದುಕೊಂಡಿರುತ್ತದೆ, ಅದಕ್ಕೇ ಕರಗಿದೆ. ಬಳೆಯ ಮೈಮೇಲೆ ಕರೆಂಟಿನಿಂದ ಎಲೆಕ್ಟ್ರಾನ್ ಸಿಕ್ಕಿದ ಕೂಡಲೇ ಮತ್ತೆ ಲೋಹವಾಗಿ ಅಲ್ಲೇ ಕೂರುತ್ತದೆ. ಜಾಸ್ತಿ ಹೊತ್ತು ಬಿಟ್ಟಷ್ಟೂ ಪದರ ದಪ್ಪ.

ಅಗ್ಗದ ಒಡವೆಯಲ್ಲಿ ಈ ಪದರ ಸಾಮಾನ್ಯವಾಗಿ ಒಂದು ಮೈಕ್ರಾನ್, ಅಂದರೆ ಮಿಲಿಮೀಟರಿನ 1000ನೇ ಒಂದು ಭಾಗಕ್ಕಿಂತಲೂ ತೆಳು. ಬೇಗ ಸವೆಯದೆ ಇನ್ನೇನು? ಜೊತೆಗೆ ಅಡಿಯ ತಾಮ್ರ ನಿಧಾನವಾಗಿ ಚಿನ್ನದೊಳಗೆ ನುಸುಳಿ ಬಣ್ಣ ಕೆಡಿಸುತ್ತದೆ. ಅದನ್ನು ತಡೆಯೋಕೆ ಮಧ್ಯೆ ನಿಕ್ಕಲ್ ಪದರ ಹಾಕುವುದುಂಟು.

ಮನೇಲಿ ಸುಮ್ನೆ ಮಾಡಿ ನೋಡಬೇಡಿ. ಈ ದ್ರಾವಣಗಳಲ್ಲಿ ಹೆಚ್ಚಾಗಿ ಸೈನೈಡ್ ಇರುತ್ತದೆ.