‘ನಂಬುತ್ತೇನೆ’ ಎನ್ನುವಲ್ಲಿ ನಿಂತ ದನಿ

ನಮ್ಮಲ್ಲಿಗೆ ಆಪ್ತಸಲಹೆಗೆ ಬಂದ ಈ ಸಲಹಾರ್ಥಿ 38ರ ಗಂಡಸು, ಕರಾವಳಿಯ ಪ್ರೊಟೆಸ್ಟಂಟ್ ಸಭೆಯೊಂದರಲ್ಲಿ ಸಂಡೇಸ್ಕೂಲ್ ಶಿಕ್ಷಕ. (ಗುರುತು ಸಿಗದಂತೆ ವಿವರಗಳನ್ನೂ ಮೊತ್ತವನ್ನೂ ಬದಲಿಸಿದೆ.) ಭಾನುವಾರದ ಆರಾಧನೆಯಲ್ಲಿ ವಿಶ್ವಾಸಪ್ರಮಾಣ (‘ನಂಬುತ್ತೇನೆ’ ಎಂದು ಸಭೆಯೆಲ್ಲ ಒಟ್ಟಾಗಿ ಹೇಳುವ ನಂಬಿಕೆಯ ಸಾರ) ಹೇಳುತ್ತಾ ಪಾಪಕ್ಷಮೆಯ ಸಾಲಿಗೆ ಬಂದರೆ ಅವರ ದನಿ ನಿಲ್ಲುತ್ತದೆ, ತುಟಿ ಮಾತ್ರ ಆಡುತ್ತದೆ. “ಎಲ್ಲ ಗೊತ್ತುಂಟು ಸರ್, ಮಕ್ಕಳಿಗೆ ನಾನೇ ಕಲಿಸುವುದು. ಆದರೆ ನನಗೆ ನಂಬಿಕೆಯೇ ಇಲ್ಲವೋ ಅಂತ.” ಭಕ್ತಿಯನ್ನು ಹೊಸದಾಗಿ ಹುರಿದುಂಬಿಸುವ ಉಜ್ಜೀವನ ಕೂಟವೊಂದರಲ್ಲಿ, ಕಣ್ಣೀರು ಬಾರದವನದು ಬರೀ ತಲೆಯ ನಂಬಿಕೆ ಎಂದು ಕೇಳಿ ಬಂದ ಮೇಲೆ ಕಳವಳ ಹೆಚ್ಚಾಗಿತ್ತು.

ಇಂಥ ದೂರಿನಲ್ಲಿ ದೇವಶಾಸ್ತ್ರಕ್ಕೆ ಕೈಹಾಕುವ ಮೊದಲು ಖಿನ್ನತೆ ಇದೆಯೇ ನೋಡಬೇಕು. ಕಳೆದ ಎರಡು ವಾರಗಳ ಬಗ್ಗೆ ಕೇಳುವ ಒಂಬತ್ತು ಪ್ರಶ್ನೆಗಳ ಪಿಎಚ್‌ಕ್ಯೂ-9ರಲ್ಲಿ 27ಕ್ಕೆ 7 ಬಂತು, ಅಂದರೆ ಸೌಮ್ಯ ಮಟ್ಟ. ಸಾಯುವ ಯೋಚನೆಯ ಕುರಿತ ಕೊನೆಯ ಪ್ರಶ್ನೆಗೆ ಸೊನ್ನೆ. ಅಂಕ 10 ಮುಟ್ಟಿದ್ದರೆ, ಅಥವಾ ಆ ಕೊನೆಯ ಪ್ರಶ್ನೆಗೆ ಸೊನ್ನೆ ಬಿಟ್ಟು ಬೇರೇನು ಬಂದಿದ್ದರೂ, ವೈದ್ಯರ ತಪಾಸಣೆ ಆಗಬೇಕಿತ್ತು. ಖಿನ್ನತೆಯಿಂದ ಮರಗಟ್ಟಿದ ಮನಸ್ಸನ್ನು ಅಪನಂಬಿಕೆ ಎಂದುಕೊಂಡು ಉಪವಾಸ ಪ್ರಾರ್ಥನೆಗೆ ಕೂರಿಸುವುದು ಸಭೆಗಳಲ್ಲಿ ಕಾಣುವ ತಪ್ಪು. ಊಟ, ನಿದ್ದೆ ಕೆಟ್ಟು ಸ್ಥಿತಿ ಇನ್ನೂ ಹದಗೆಡುತ್ತದೆ.

ಎರಡನೆಯ ಭೇಟಿಯಲ್ಲಿ ಕಣ್ಣೀರಿನ ಲೆಕ್ಕ ತೆಗೆದೆವು. ಪ್ರೊಟೆಸ್ಟಂಟ್ ನಂಬಿಕೆಯನ್ನು ಕಲಿಸುವ 1563ರ ಹೈಡೆಲ್‌ಬರ್ಗ್ ಪ್ರಶ್ನೋತ್ತರಿ 21ನೆಯ ಪ್ರಶ್ನೆಗೆ ಕೊಡುವ ಉತ್ತರದಲ್ಲಿ ನಿಜವಾದ ನಂಬಿಕೆ ಎಂದರೆ ಖಚಿತವಾದ ಅರಿವು, ಅದರ ಜೊತೆಗೆ ಮನಃಪೂರ್ವಕ ಭರವಸೆ. ಪಾಪಕ್ಷಮೆ ಬೇರೆಯವರಿಗಷ್ಟೇ ಅಲ್ಲ, ನನಗೂ ಕೊಟ್ಟಿದ್ದು ಎಂಬ ಭರವಸೆ. ಭಾವೋದ್ರೇಕದ ಮಾತು ಅಲ್ಲಿಲ್ಲ. ಅರಿವು, ಒಪ್ಪಿಗೆಗಳಷ್ಟೇ ಸಾಕಾಗಿದ್ದರೆ ದೆವ್ವಗಳಿಗೂ ಅವಿವೆ ಎಂದು ಯಾಕೋಬನ ಪತ್ರಿಕೆ (2:19) ಚುಚ್ಚುತ್ತದೆ. ಸಲಹಾರ್ಥಿ ಉದಾಹರಿಸಿದ್ದು ಮೆಥಡಿಸ್ಟ್ ಪಂಥಕ್ಕೆ ನಾಂದಿ ಹಾಡಿದ ಇಂಗ್ಲಿಷ್ ಬೋಧಕ ಜಾನ್ ವೆಸ್ಲಿಯನ್ನು: 1738ರ ಮೇ 24ರಂದು ಲಂಡನ್ನಿನ ಕೂಟದಲ್ಲಿ ಅವನ ಎದೆ ಬೆಚ್ಚಗಾಯಿತಲ್ಲ, ನನಗೇಕಿಲ್ಲ? ಆದರೆ ಅದೇ ವೆಸ್ಲಿ ಎಂಟು ತಿಂಗಳು ತುಂಬುವ ಮೊದಲೇ, 1739ರ ಜನವರಿ 4ರಂದು, ತಾನು ಈಗಲೂ ಕ್ರೈಸ್ತನಲ್ಲ ಎಂದು ದಿನಚರಿಯಲ್ಲಿ ಬರೆದುಕೊಂಡ. ಎದೆಯ ಬಿಸಿಯನ್ನು ಅಳತೆಗೋಲು ಮಾಡಿಕೊಂಡರೆ ಅವನೂ ಫೇಲು.

ಕನ್ನಡ ಈ ವ್ಯತ್ಯಾಸವನ್ನು ವ್ಯಾಕರಣದಲ್ಲೇ ಇಟ್ಟುಕೊಂಡಿದೆ. ‘ದೇವರಿದ್ದಾನೆಂದು ನಂಬುತ್ತೇನೆ’ ಬೇರೆ, ‘ದೇವರನ್ನು ನಂಬುತ್ತೇನೆ’ ಬೇರೆ. ‘ಆ ಅಂಗಡಿಯವರನ್ನು ನಂಬಿ ದುಡ್ಡು ಕೊಟ್ಟೆ’ ಅನ್ನುವಾಗ ಅಂಗಡಿಯವರು ಇದ್ದಾರೋ ಇಲ್ಲವೋ ಎಂಬುದು ಪ್ರಶ್ನೆಯೇ ಅಲ್ಲ. ದುಡ್ಡು ಕೈಬಿಟ್ಟಿದೆ ಅಷ್ಟೆ. ಹಾಗಾಗಿ ಅವರಿಗೆ ಕೇಳಿದ್ದು ಇದೊಂದೇ: “ಪಾಪಕ್ಷಮೆ ನಿಜವೇ ಆದರೆ, ನಾಳೆ ಬೆಳಗ್ಗೆಯಿಂದ ನೀವು ಯಾವುದನ್ನು ಬಚ್ಚಿಡಬೇಕಾಗಿಲ್ಲ?”

ಸ್ಕೂಟರಿನ ಕೀಲಿಯನ್ನು ಬೆರಳಿಗೆ ಸುತ್ತುತ್ತಾ ಬಹಳ ಹೊತ್ತು ಕೂತರು. ಆಮೇಲೆ ಮೊಬೈಲ್ ತೆಗೆದು ಒಂದು ಮೆಸೇಜು ತೋರಿಸಿದರು: ಚಿನ್ನದ ಸಾಲದ ಬಡ್ಡಿ ಬಾಕಿ. ಷೇರು ಪೇಟೆಯ ಆಪ್ಷನ್ಸ್ ವ್ಯವಹಾರದಲ್ಲಿ 4,20,000 ರೂಪಾಯಿ ಹೋಗಿತ್ತು. ಹೆಂಡತಿಯ ಎರಡು ಬಳೆ ಅಡವಿಟ್ಟು 14 ತಿಂಗಳಾಗಿತ್ತು. ಲಾಕರಿನಲ್ಲಿದೆ ಎಂದು ಆಕೆಗೆ ಹೇಳಿದ್ದರು.

ಪಾಪಕ್ಷಮೆ ಇದೆ ಎಂಬುದರಲ್ಲಿ ಇವರಿಗೆ ಎಳ್ಳಷ್ಟೂ ಸಂಶಯವಿರಲಿಲ್ಲ. ಅದರ ಮೇಲೆ ಭಾರ ಹಾಕಿರಲಿಲ್ಲ, ಅಷ್ಟೆ. ಇಲ್ಲಿ ಇನ್ನೊಂದು ಪುಸ್ತಕ ಓದಿಸಿದ್ದರೆ ಒಪ್ಪಿಗೆ ಗಟ್ಟಿಯಾಗಿ, ಬಚ್ಚಿಟ್ಟಿದ್ದು ಇನ್ನಷ್ಟು ಆಳಕ್ಕೆ ಹೋಗುತ್ತಿತ್ತು.

ಕೊಟ್ಟ ಸಲಹೆ: ಮೊದಲು ಟ್ರೇಡಿಂಗ್ ಖಾತೆಯ ಸ್ಟೇಟ್‌ಮೆಂಟು, ಅಡವಿನ ಚೀಟಿ ತೆಗೆದು ಒಂದೇ ಹಾಳೆಯಲ್ಲಿ ಪೂರ್ತಿ ಲೆಕ್ಕ ಬರೆಯಿರಿ. ಅರ್ಧ ಹೇಳಿ ಅರ್ಧ ಉಳಿಸಿಕೊಂಡರೆ, ಅದು ಹೊರಬಿದ್ದ ದಿನ ಹೇಳಿದ್ದೂ ಸುಳ್ಳಾಗುತ್ತದೆ. ಮಕ್ಕಳು ಮನೆಯಲ್ಲಿಲ್ಲದ ಹೊತ್ತು ನೋಡಿ; ಶನಿವಾರ ರಾತ್ರಿ ಬೇಡ, ಮರುದಿನ ಆಕೆ ಚರ್ಚಿನಲ್ಲಿ ನಗುಮುಖ ಹೊತ್ತು ಕೂರಬೇಕಾಗುತ್ತದೆ. ಮೊದಲ ವಾಕ್ಯದಲ್ಲೇ ಬಳೆಯ ವಿಷಯ ಬರಲಿ. ‘ಕ್ಷಮಿಸಿಬಿಡು’ ಎಂದು ಅಂದೇ ಕೇಳಬೇಡಿ. ಏಳೆಪ್ಪತ್ತು ಸಾರಿ ಕ್ಷಮಿಸುವ ಬೈಬಲ್ ವಚನವನ್ನು ಆಕೆಯ ಮುಂದೆ ಎತ್ತಲೇಬೇಡಿ. ತಪ್ಪು ಮಾಡಿದವನ ಬಾಯಲ್ಲಿ ಅದು ವಸೂಲಿ ನೋಟಿಸಿನಂತೆ ಕೇಳುತ್ತದೆ. ಪ್ರಾರ್ಥನೆ ದಿನಕ್ಕೆ ಹತ್ತು ನಿಮಿಷ ಸಾಕು: ಬೈಬಲಿನ ಆರೇ ವಚನದ 13ನೆಯ ಕೀರ್ತನೆಯನ್ನು ಗಟ್ಟಿಯಾಗಿ ಓದಿ, ಬಾಯಿಗೆ ಬಾರದ ಕಡೆ ನಿಲ್ಲಿಸಿ. ‘ನಂಬುತ್ತೇನೆ, ನನ್ನ ಅಪನಂಬಿಕೆಗೆ ಸಹಾಯಮಾಡು’ ಎಂದ ತಂದೆಯನ್ನು (ಮಾರ್ಕ 9:24) ಯೇಸು ವಾಪಸು ಕಳಿಸಲಿಲ್ಲ, ಮಗನನ್ನು ಗುಣಪಡಿಸಿದ. ಕರ್ತನ ಭೋಜನಕ್ಕೆ (ಚರ್ಚಿನಲ್ಲಿ ರೊಟ್ಟಿ, ದ್ರಾಕ್ಷಾರಸ ಹಂಚುವ ಸಂಸ್ಕಾರಕ್ಕೆ) ಹೋಗಬೇಕೋ ಬೇಡವೋ ಎಂಬುದನ್ನು ಸಭಾಪಾಲಕರಲ್ಲಿ ಕೇಳಲು ಹೇಳಿದೆವು. ಅದು ಆಪ್ತಸಲಹೆಯವರ ಕೆಲಸವಲ್ಲ. ನಿಮ್ಮದು ನಿಜವಾದ ನಂಬಿಕೆ ಎಂದು ಸರ್ಟಿಫಿಕೇಟು ಕೊಡುವುದೂ ಅಲ್ಲ.

ಹೇಳಲು ಅವರಿಗೆ ಮೂರು ವಾರ ಹಿಡಿಯಿತು. ಹೆಂಡತಿ ಎರಡು ದಿನ ಮಾತು ಬಿಟ್ಟು, ಮೂರನೆಯ ದಿನ ಮೊಬೈಲ್ ಇಸಿದುಕೊಂಡು ಟ್ರೇಡಿಂಗ್ ಆ್ಯಪ್ ತಾವೇ ಅಳಿಸಿದರು. ಕ್ಷಮಿಸಿದ್ದೇನೆ ಎಂದು ಆಕೆ ಹೇಳಿಲ್ಲ. ಕಣ್ಣೀರು ಇವರಿಗೆ ಇನ್ನೂ ಬಂದಿಲ್ಲ. ಆ ಸಾಲನ್ನು ಹೇಳುವಾಗ ಈಗ ದನಿ ಬರುತ್ತದೆ, ಸಣ್ಣಗೆ, ಪಕ್ಕದಲ್ಲಿ ನಿಂತ ಆಕೆಗೆ ಕೇಳುವಷ್ಟು. ಬಳೆ ಬಿಡಿಸಲು ಇನ್ನೂ ಏಳು ಕಂತು ಬಾಕಿ ಇದೆ.